ಲೋಹಕ್ಕೆ ಜಗ್ಗದ ಬ್ಯಾಕ್ಟೀರಿಯಾ: ಹಿಡಿಯುವುದು, ಪರೀಕ್ಷಿಸುವುದು, ಹೊಲಕ್ಕೆ ಇಳಿಸುವುದು

ಮೂರನೇ ದಿನ ಬೆಳಿಗ್ಗೆ ಪರೀಕ್ಷೆಯ ಹನಿ ಹಾಕಿ ನೋಡಿದಾಗ ಹನ್ನೊಂದು ಟ್ಯೂಬ್ ನೇರಳೆ ಬಣ್ಣಕ್ಕೆ ತಿರುಗಿದವು, ಒಂದು ಮಾತ್ರ ನೀರಿನ ಹಾಗೆ ತಿಳಿಯಾಗಿಯೇ ಉಳಿಯಿತು. ನೇರಳೆ ಬಂದರೆ ವಿಷದ ಕ್ರೋಮಿಯಂ ಇನ್ನೂ ಇದೆ ಅಂತ ಅರ್ಥ. ಬಣ್ಣ ಬರದಿದ್ದರೆ ಆ ಟ್ಯೂಬಿನ ಬ್ಯಾಕ್ಟೀರಿಯಾ ಅದನ್ನು ಬದಲಾಯಿಸಿದೆ ಅಂತ. ಹನ್ನೆರಡೂ ಬಂದದ್ದು ಒಂದೇ ಹೊಲದಿಂದ, ಹನ್ನೆರಡೂ ಕ್ರೋಮಿಯಂ ಬೆರೆಸಿದ ತಟ್ಟೆಯ ಮೇಲೆ ಹುಲುಸಾಗಿ ಬೆಳೆದಿದ್ದವು. ಫೋಟೊ ತೆಗೆದು ದೊಡ್ಡಮ್ಮನಿಗೆ ತೋರಿಸಿದೆ, ಹೊಲ ಅವರದ್ದೇ. ಅವರು ನೋಡಿ ಕೇಳಿದ್ದು ಇಷ್ಟು: "ಬಣ್ಣ ಹೋಯ್ತು, ಸರಿ ಮಗಾ. ಲೋಹ ಎಲ್ಲಿಗೆ ಹೋಯ್ತು?"

ಈ ಕೆಲಸಕ್ಕೆ ಇಳಿಯುವವರು ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ. ಮೈಕ್ರೋಬಯಾಲಜಿ ಪ್ರಾಜೆಕ್ಟ್‌ಗೆ ಈ ವಿಷಯ ಆರಿಸಿಕೊಳ್ಳುವ ವಿದ್ಯಾರ್ಥಿಗಳಿಗೆ, ಮತ್ತೆ ಕೊಳಚೆ ನೀರಲ್ಲಿ ಬೆಳೆ ತೆಗೆಯುವ ರೈತರಿಗೆ ಇದನ್ನು ಬರೆಯುತ್ತಿದ್ದೇನೆ. ಲ್ಯಾಬ್ ಭಾಗವನ್ನು ಮನೆಯಲ್ಲಿ ಮಾಡಲೇಬೇಡಿ. ಕೊನೆಯ ಭಾಗ ರೈತರಿಗೆ, ಅದಕ್ಕೆ ಲ್ಯಾಬ್ ಬೇಕಿಲ್ಲ.

ಉದಾಹರಣೆಗೆ ನಾನು ತೆಗೆದುಕೊಂಡಿರುವುದು ಕ್ರೋಮಿಯಂ, ಜಾಗ ವೃಷಭಾವತಿ ಬಯಲು. ಬೆಂಗಳೂರಿನ ಚರಂಡಿ ನೀರು, ಕಾರ್ಖಾನೆ ನೀರು ಎರಡೂ ಹೊತ್ತು ಈ ಹೊಳೆ ಕೆಂಗೇರಿ ದಾಟಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬರುತ್ತದೆ, ಮುಂದೆ ಅರ್ಕಾವತಿ ಸೇರುತ್ತದೆ. ದಾರಿಯುದ್ದಕ್ಕೂ ಈ ನೀರಲ್ಲಿ ಸೊಪ್ಪು, ಬೇಬಿ ಕಾರ್ನ್, ಸೀಮೆಹುಲ್ಲು ಬೆಳೆದಿದ್ದಾರೆ. ಕ್ರೋಮಿಯಂ ಮುಖ್ಯವಾಗಿ ಬರುವುದು ಎಲೆಕ್ಟ್ರೋಪ್ಲೇಟಿಂಗ್ ಕೆಲಸದಿಂದ, ಅಂದರೆ ನಲ್ಲಿ, ಬೈಕ್ ಬಿಡಿಭಾಗಗಳಿಗೆ ಹೊಳಪು ಹಚ್ಚುವ ಕಡೆಯಿಂದ. ಚರ್ಮ ಹದ ಮಾಡುವ ಕಡೆಯೂ ಕ್ರೋಮಿಯಂ ಬಳಸುತ್ತಾರೆ, ಪಕ್ಕದ ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮಿಯಂ ತ್ಯಾಜ್ಯದಿಂದ ನೆಲ, ನೀರು ಹಾಳಾದ ಕಥೆ ಕೇಳಿದ್ದೀರಲ್ವಾ.

ಮೊದಲು ಇದನ್ನು ತಿಳಿದುಕೊಳ್ಳಿ

ಎಣ್ಣೆಯನ್ನೋ ಕೀಟನಾಶಕವನ್ನೋ ಬ್ಯಾಕ್ಟೀರಿಯಾ ತಿಂದು ಮುಗಿಸಬಹುದು. ಲೋಹವನ್ನು ಮುಗಿಸಲು ಆಗುವುದಿಲ್ಲ. ಅದು ಮೂಲವಸ್ತು, ಒಡೆಯುವುದಿಲ್ಲ, ಕರಗಿ ಮಾಯವಾಗುವುದಿಲ್ಲ. ಬ್ಯಾಕ್ಟೀರಿಯಾ ಏನೇ ಮಾಡಿದರೂ ಲೋಹದ ಜಾಗ ಬದಲಾಗುತ್ತದೆ ಇಲ್ಲವೇ ರೂಪ ಬದಲಾಗುತ್ತದೆ.

ಕೆಲವು ಬ್ಯಾಕ್ಟೀರಿಯಾ ಲೋಹವನ್ನು ಒಳಗೆ ಬರಲು ಬಿಟ್ಟು ತಕ್ಷಣ ಹೊರಗೆ ತಳ್ಳುತ್ತವೆ. 1976ರಲ್ಲಿ ಬೆಲ್ಜಿಯಂನ ಒಂದು ಸತು ಕಾರ್ಖಾನೆಯ ತೊಟ್ಟಿಯಲ್ಲಿ ಸಿಕ್ಕ ಕ್ಯುಪ್ರಿಯಾವಿಡಸ್ ಮೆಟಾಲಿಡ್ಯುರಾನ್ಸ್ ಇದರಲ್ಲಿ ಹೆಸರುವಾಸಿ. ಕೋಬಾಲ್ಟ್, ಸತು, ಕ್ಯಾಡ್ಮಿಯಂ ಮೂರನ್ನೂ ಪಂಪ್ ಮಾಡಿ ಹೊರಹಾಕುತ್ತದೆ. ಕೆಲವು ರೂಪ ಬದಲಾಯಿಸುತ್ತವೆ. ಕರಗುವ, ಜೀವಕೋಶದೊಳಗೆ ಸುಲಭವಾಗಿ ನುಗ್ಗುವ ವಿಷದ ರೂಪವಾದ ಕ್ರೋಮಿಯಂ-6 ಅನ್ನು ಅಷ್ಟು ಸುಲಭಕ್ಕೆ ಕರಗದ, ವಿಷ ಕಮ್ಮಿ ಇರುವ ಕ್ರೋಮಿಯಂ-3 ಮಾಡುತ್ತವೆ. ಪಾದರಸವನ್ನು ಆವಿ ಮಾಡಿ ಬಿಡುವಂಥವೂ ಇವೆ, ಆಗ ಮಣ್ಣೇನೋ ಹಗುರಾಯಿತು, ಆದರೆ ಪಾದರಸ ಗಾಳಿಗೆ ಹೋಯಿತು ನೋಡಿ. ಇನ್ನು ಕೆಲವು ತಮ್ಮ ಮೈಗೆ, ಮೈಮೇಲಿನ ಲೋಳೆಗೆ ಲೋಹವನ್ನು ಅಂಟಿಸಿಕೊಳ್ಳುತ್ತವೆ. ಗಾಳಿಯಿಲ್ಲದ ಕಡೆ ಬದುಕುವ ಕೆಲವು ಸಲ್ಫೈಡ್ ಉತ್ಪತ್ತಿ ಮಾಡಿ ಲೋಹವನ್ನು ಗಟ್ಟಿ ಮಾಡಿ ತಳಕ್ಕೆ ಕೂರಿಸುತ್ತವೆ. ನೆದರ್ಲೆಂಡ್ಸ್‌ನ ಬುಡೆಲ್ ಎಂಬಲ್ಲಿ 1992ರಿಂದಲೇ ಸತು ಕಾರ್ಖಾನೆಯೊಂದರ ಕೆಳಗಿನ ಅಂತರ್ಜಲವನ್ನು ಹೀಗೆ ಶುದ್ಧ ಮಾಡುತ್ತಿದ್ದರು.

ಈಗ ಯೋಚಿಸಿ. ಲೋಹವನ್ನು ಬರೀ ಹೊರಗೆ ತಳ್ಳುವ ಬ್ಯಾಕ್ಟೀರಿಯಾ ನಿಮ್ಮ ತಟ್ಟೆಯ ಮೇಲೆ ಎಲ್ಲಕ್ಕಿಂತ ಚೆನ್ನಾಗಿ ಬೆಳೆಯುತ್ತದೆ, ಆದರೆ ಹೊಲಕ್ಕೆ ಅದರಿಂದ ಏನೂ ಉಪಯೋಗವಿಲ್ಲ, ತಾನು ಬದುಕಿತು ಅಷ್ಟೇ. ನಾನು ಮೊದಲ ವರ್ಷ ಮಾಡಿದ ತಪ್ಪು ಇದೇ. ಅತಿ ಹೆಚ್ಚು ಕ್ರೋಮಿಯಂ ತಾಳಿದ್ದನ್ನೇ ಆರಿಸಿ ಮೂರು ತಿಂಗಳು ಅದರ ಹಿಂದೆ ಬಿದ್ದೆ. ಟ್ಯೂಬ್‌ನಲ್ಲಿ ಒಂದು ದಿನವೂ ನೇರಳೆ ಬಣ್ಣ ತಗ್ಗಲಿಲ್ಲ. ತಾಳುವುದು ಬೇರೆ, ಶುದ್ಧ ಮಾಡುವುದು ಬೇರೆ.

ಮಣ್ಣು ತರುವುದು

ಎರಡು ಥರದ ಮಣ್ಣು ಬೇಕು. ಒಂದು ಲೋಹದ ಪರೀಕ್ಷೆಗೆ, ಇನ್ನೊಂದು ಬ್ಯಾಕ್ಟೀರಿಯಾಗೆ.

ಲೋಹದ ಪರೀಕ್ಷೆಗೆ ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತು ಹದಿನೈದು ಕಡೆ ಆರು ಇಂಚು ಆಳದವರೆಗೆ ಮಣ್ಣು ತೆಗೆದು ಬೆರೆಸಿ. ಗುದ್ದಲಿ ತಾಗಿದ ಮಣ್ಣನ್ನು ಮರದ ಚಮಚದಲ್ಲಿ ಕೆರೆದು ಬಿಸಾಕಿ, ಗುದ್ದಲಿಯ ಲೋಹವೇ ಲೆಕ್ಕಕ್ಕೆ ಸೇರುವುದು ಬೇಡ. ಕಾಲುವೆ ಬಾಯಿಯ ಮಣ್ಣನ್ನು ಬೇರೆಯಾಗಿಯೇ ಇಡಿ, ಹೂಳು ಬಂದು ಕೂರುವುದು ಅಲ್ಲೇ, ಲೋಹವೂ ಅಲ್ಲೇ ಜಾಸ್ತಿ ಇರುತ್ತದೆ. ಸರ್ಕಾರದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ಬರುತ್ತವೆ, ಅದರಲ್ಲಿ ಸತು, ತಾಮ್ರ ಇವೆ ಸರಿ, ಆದರೆ ಕ್ರೋಮಿಯಂ, ಕ್ಯಾಡ್ಮಿಯಂ, ಸೀಸ ಇಲ್ಲ. ಕಾರ್ಡ್ ಚೆನ್ನಾಗಿದೆ ಅಂದಮಾತ್ರಕ್ಕೆ ಮಣ್ಣಲ್ಲಿ ವಿಷದ ಲೋಹ ಇಲ್ಲ ಅಂತಲ್ಲ. ಲ್ಯಾಬ್‌ಗೆ ಕೊಡುವಾಗ ಲೋಹದ ಹೆಸರು ಹೇಳಿ ಕೇಳಬೇಕು. ಕ್ರೋಮಿಯಂ ಆದರೆ ಒಟ್ಟು ಎಷ್ಟು, ಅದರಲ್ಲಿ ಕ್ರೋಮಿಯಂ-6 ಎಷ್ಟು ಅಂತ ಎರಡನ್ನೂ ಬೇರೆ ಬೇರೆ ಕೇಳಿ.

ಬ್ಯಾಕ್ಟೀರಿಯಾಗೆ ಖಾಲಿ ನೆಲದ ಮಣ್ಣಿಗಿಂತ ಬೇರಿನ ಮಣ್ಣು ಒಳ್ಳೆಯದು. ಕಾಲುವೆ ಬದಿಯಲ್ಲಿ ಅಷ್ಟು ವಿಷದಲ್ಲೂ ಸೊಂಪಾಗಿ ನಿಂತ ಗರಿಕೆ, ಜೊಂಡು, ಹೊನಗೊನ್ನೆ ಕಾಣಿಸುತ್ತವೆ. ಅವನ್ನು ಬೇರುಸಮೇತ ಕಿತ್ತು ಒಮ್ಮೆ ಜಾಡಿಸಿ. ಉದುರುವ ಮಣ್ಣು ಬೇಡ, ಜಾಡಿಸಿದ ಮೇಲೂ ಬೇರಿಗೆ ಹಿಡಿದುಕೊಂಡಿರುವ ತೆಳು ಮಣ್ಣು ಬೇಕು. ಗಿಡದ ಜೊತೆ ಬಾಳಿ ಅಭ್ಯಾಸವಿರುವ ಬ್ಯಾಕ್ಟೀರಿಯಾ ಇರುವುದು ಅದರಲ್ಲಿ. ಐಸ್ ಡಬ್ಬದಲ್ಲಿಟ್ಟು ತನ್ನಿ, ಆದರೆ ಫ್ರೀಜರ್‌ಗೆ ಹಾಕಬೇಡಿ, ಮಾರನೇ ದಿನದೊಳಗೆ ತಟ್ಟೆಗೆ ಹಾಕಿ. ಕೈಗೆ ಗ್ಲೌಸ್, ಕಾಲಿಗೆ ಗಂಬೂಟ್ ಇರಲಿ, ಅದು ಚರಂಡಿ ನೀರು.

ತಟ್ಟೆಯ ಮೇಲೆ ಬೆಳೆಸುವುದು

10 ಗ್ರಾಂ ಮಣ್ಣನ್ನು 90 ಮಿಲಿ ಉಪ್ಪುನೀರಿಗೆ ಹಾಕಿ, 0.85 ಪರ್ಸೆಂಟ್, ಆಟೋಕ್ಲೇವ್‌ನಲ್ಲಿ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ, ಕ್ರಿಮಿಶುದ್ಧ ಮಾಡಿದ್ದು. ಅರ್ಧ ಗಂಟೆ ಅಲ್ಲಾಡಿಸಿ, ಹತ್ತು ಹತ್ತು ಪಟ್ಟು ತೆಳು ಮಾಡುತ್ತಾ ಹೋಗಿ, ಮೀಡಿಯಾ, ಅಂದರೆ ಬ್ಯಾಕ್ಟೀರಿಯಾಗೆ ಆಹಾರ ಇರುವ ಅಗಾರ್, ಹಾಕಿದ ಪ್ರತಿ ತಟ್ಟೆಗೆ 0.1 ಮಿಲಿ ಹರಡಿ. ಒಂದು ಸೆಟ್‌ಗೆ ಕ್ರೋಮಿಯಂ ಬೇಡ, ಉಳಿದವಕ್ಕೆ ಲೀಟರಿಗೆ 50, 100, 200 ಮಿಲಿಗ್ರಾಂ. 30 ಡಿಗ್ರಿಯಲ್ಲಿ ಎರಡು ದಿನ ಬಿಟ್ಟು ನೋಡಿ.

ಕ್ರೋಮಿಯಂ ದ್ರಾವಣಕ್ಕೆ 2.829 ಗ್ರಾಂ ಪೊಟ್ಯಾಸಿಯಂ ಡೈಕ್ರೋಮೇಟ್ ಅನ್ನು ನೀರಲ್ಲಿ ಕರಗಿಸಿ ಒಟ್ಟು ಒಂದು ಲೀಟರ್ ಮಾಡಿದರೆ ಸರಿಯಾಗಿ 1000 ಮಿಲಿಗ್ರಾಂ ಕ್ರೋಮಿಯಂ ಬರುತ್ತದೆ. ಈ ಪುಡಿ ಕ್ಯಾನ್ಸರ್ ತರುವಂಥದ್ದು. ತೂಕ ಮಾಡುವಾಗ ಫ್ಯಾನ್ ಆಫ್ ಮಾಡಿ, ಮಾಸ್ಕ್, ಗ್ಲೌಸ್ ಹಾಕಿ, ಗೈಡ್ ಜೊತೆಗಿಲ್ಲದೆ ಮುಟ್ಟಬೇಡಿ.

ಇಲ್ಲಿ ಎರಡು ಸೂಕ್ಷ್ಮ ಇವೆ, ಪ್ರಾಜೆಕ್ಟ್ ಹಾಳಾಗುವುದು ಬಹಳ ಸಲ ಇಲ್ಲೇ. ಒಂದು, ಡೈಕ್ರೋಮೇಟ್ ಅನ್ನು ಮೀಡಿಯಾ ಜೊತೆ ಸೇರಿಸಿ ಆಟೋಕ್ಲೇವ್‌ಗೆ ಇಡಬೇಡಿ. ಮೀಡಿಯಾದಲ್ಲಿರುವ ಸಕ್ಕರೆ, ಪ್ರೋಟೀನು ಆ ಬಿಸಿಯಲ್ಲಿ ಕ್ರೋಮಿಯಂ-6 ಅನ್ನು ತಾವೇ ಬದಲಾಯಿಸಿಬಿಡುತ್ತವೆ. ನನ್ನ ಒಂದು ಬ್ಯಾಚ್‌ನಲ್ಲಿ ಕ್ರೋಮಿಯಂ-6ರ ಹಳದಿ ಬಣ್ಣ ಮಾಸಿಹೋಗಿತ್ತು, ಆ ತಟ್ಟೆಗಳ ಮೇಲೆ ಎಲ್ಲವೂ ಬೆಳೆದವು, ಯಾಕೆಂದರೆ ವಿಷವೇ ಉಳಿದಿರಲಿಲ್ಲ. ದ್ರಾವಣವನ್ನು ಫಿಲ್ಟರ್ ಮಾಡಿ ಶುದ್ಧ ಮಾಡಿಕೊಂಡು, ಮೀಡಿಯಾ 45-50 ಡಿಗ್ರಿಗೆ ಆರಿದ ಮೇಲೆ ಬೆರೆಸಿ. ಎರಡು, ನ್ಯೂಟ್ರಿಯೆಂಟ್ ಅಗಾರ್ ತುಂಬಾ ಸಮೃದ್ಧ ಮೀಡಿಯಾ, ಅದರಲ್ಲಿರುವ ಪೆಪ್ಟೋನ್, ಅಂದರೆ ಪ್ರೋಟೀನಿನ ತುಣುಕು, ಲೋಹವನ್ನು ಹಿಡಿದಿಟ್ಟುಕೊಳ್ಳುತ್ತದೆ. ಫಾಸ್ಫೇಟ್ ಜಾಸ್ತಿ ಇರುವ ಮೀಡಿಯಾದಲ್ಲಿ ಸೀಸದಂಥ ಲೋಹ ತಳಕ್ಕೆ ಇಳಿದುಬಿಡುತ್ತದೆ. ನೀವು 200 ಮಿಲಿಗ್ರಾಂ ಹಾಕಿದ್ದೇನೆ ಅಂದುಕೊಂಡಿರುತ್ತೀರಿ, ಬ್ಯಾಕ್ಟೀರಿಯಾಗೆ ಮುಟ್ಟಿರುವುದು ಅದರಲ್ಲಿ ಸ್ವಲ್ಪ ಮಾತ್ರ. ಅದಕ್ಕೇ ಎಷ್ಟು ಲೋಹ ತಾಳುತ್ತದೆ ಅನ್ನುವ ಪರೀಕ್ಷೆಯನ್ನು ಫಾಸ್ಫೇಟ್ ಕಡಿಮೆ ಇರುವ ಬಡ ಮೀಡಿಯಾದಲ್ಲೂ ಒಮ್ಮೆ ಮಾಡಿ, ಯಾವ ಮೀಡಿಯಾ ಅಂತ ಪಕ್ಕದಲ್ಲೇ ಬರೆದಿಡಿ.

ನೇರಳೆ ಬಣ್ಣದ ಪರೀಕ್ಷೆ

ಆರಿಸಿದ ಬ್ಯಾಕ್ಟೀರಿಯಾವನ್ನು ಲೀಟರಿಗೆ 50 ಮಿಲಿಗ್ರಾಂ ಕ್ರೋಮಿಯಂ ಇರುವ ದ್ರವ ಮೀಡಿಯಾಗೆ ಹಾಕಿ. ಜೊತೆಗೆ ಹೋಲಿಕೆಗೆ ಎರಡು ಕಂಟ್ರೋಲ್ ಟ್ಯೂಬ್ ಇರಲೇಬೇಕು, ಬ್ಯಾಕ್ಟೀರಿಯಾ ಹಾಕದ ಒಂದು, ಬಿಸಿಗೆ ಸಾಯಿಸಿದ ಬ್ಯಾಕ್ಟೀರಿಯಾ ಹಾಕಿದ ಒಂದು. ಮೊದಲನೆಯದು ಮೀಡಿಯಾ ತಾನೇ ಎಷ್ಟು ಬದಲಾಯಿಸಿತು ಅಂತ ಹೇಳುತ್ತದೆ, ಎರಡನೆಯದು ಬರೀ ಅಂಟಿಕೊಂಡು ಎಷ್ಟು ಹೋಯಿತು ಅಂತ ಹೇಳುತ್ತದೆ.

ಶುರುವಿನಲ್ಲಿ, ಆಮೇಲೆ 24, 48, 72 ಗಂಟೆಗೆ ಸ್ವಲ್ಪ ತೆಗೆದು ಸೆಂಟ್ರಿಫ್ಯೂಜ್‌ನಲ್ಲಿ ವೇಗವಾಗಿ ತಿರುಗಿಸಿ ಬ್ಯಾಕ್ಟೀರಿಯಾವನ್ನು ತಳಕ್ಕೆ ಕೂರಿಸಿ ಮೇಲಿನ ತಿಳಿ ತೆಗೆದುಕೊಳ್ಳಿ, ನೂರು ಪಟ್ಟು ತೆಳು ಮಾಡಿ. ತೆಳು ಮಾಡದಿದ್ದರೆ ಬಣ್ಣ ಎಷ್ಟು ಗಾಢವಾಗುತ್ತದೆ ಅಂದರೆ ಬಣ್ಣ ಅಳೆಯುವ ಮೀಟರ್ ಓದುವುದಿಲ್ಲ. ಸ್ವಲ್ಪ ದುರ್ಬಲ ಸಲ್ಫ್ಯೂರಿಕ್ ಆಮ್ಲ ಹಾಕಿ, ಆಮೇಲೆ ಅಸಿಟೋನ್‌ನಲ್ಲಿ ಕರಗಿಸಿದ ಡೈಫಿನೈಲ್ ಕಾರ್ಬಜೈಡ್ ಹನಿ. ಮೊದಲ ಹನಿ ಬಿದ್ದ ಕಡೆಯಿಂದ ನೇರಳೆ ಹೊಗೆ ಥರ ಇಳಿಯುತ್ತದೆ, ಅಲ್ಲಾಡಿಸಿದರೆ ಇಡೀ ಟ್ಯೂಬ್ ನೇರಳೆ ಹಣ್ಣಿನ ರಸದ ಬಣ್ಣಕ್ಕೆ ಬರುತ್ತದೆ. ಹತ್ತು ನಿಮಿಷ ಬಿಟ್ಟು 540 ನ್ಯಾನೋಮೀಟರ್‌ನಲ್ಲಿ ಓದಿ. ಈ ರೀಏಜೆಂಟ್ ಕಂದು ಬಾಟಲಿಯಲ್ಲಿ ಫ್ರಿಜ್‌ನಲ್ಲಿರಲಿ, ಬಣ್ಣ ತಿರುಗಿದ್ದರೆ ಚೆಲ್ಲಿ ಹೊಸದು ಮಾಡಿ.

ಬಣ್ಣ ಹೋದರೆ ಅರ್ಧ ಕೆಲಸ ಆಯಿತು, ಅಷ್ಟೇ. ಈ ಪರೀಕ್ಷೆ ತೋರಿಸುವುದು ಕ್ರೋಮಿಯಂ-6 ಒಂದನ್ನೇ. ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಬೇಕಾದರೆ ಅದೇ ತಿಳಿಯಲ್ಲಿ ಒಟ್ಟು ಕ್ರೋಮಿಯಂ ಎಷ್ಟಿದೆ ಅಂತ ಲೋಹ ಅಳೆಯುವ ಎಎಎಸ್ ಯಂತ್ರದಲ್ಲಿ ಅಳೆಸಬೇಕು, ತಳದ ಬ್ಯಾಕ್ಟೀರಿಯಾ ಉಂಡೆಯಲ್ಲೂ ಅಳೆಸಬೇಕು. ತಿಳಿಯಲ್ಲಿ, ತಳದಲ್ಲಿ ಎರಡೂ ಕೂಡಿಸಿದರೆ ನೀವು ಮೊದಲು ಹಾಕಿದಷ್ಟಕ್ಕೆ ಹತ್ತಿರ ಬರಬೇಕು. ಬರಲಿಲ್ಲ ಅಂದರೆ ಎಲ್ಲೋ ಲೆಕ್ಕ ತಪ್ಪಿದೆ. ನನ್ನ ಆ ತಿಳಿ ಟ್ಯೂಬಿನಲ್ಲಿ ಸ್ವಲ್ಪ ಕ್ರೋಮಿಯಂ ತಳಕ್ಕೆ ಕೂತಿತ್ತು, ಉಳಿದದ್ದು ಕ್ರೋಮಿಯಂ-3 ಆಗಿ ನೀರಲ್ಲೇ ಇತ್ತು. ವಿಷ ತಗ್ಗಿತ್ತು ನಿಜ, ಲೋಹ ಅಲ್ಲೇ ಇತ್ತು. ಮ್ಯಾಂಗನೀಸ್ ಆಕ್ಸೈಡ್ ಜಾಸ್ತಿ ಇರುವ ಮಣ್ಣಲ್ಲಿ ಅದು ಮತ್ತೆ ಕ್ರೋಮಿಯಂ-6 ಆಗಲೂಬಹುದು, ಹಾಗಾಗಿ ಒಂದು ಸಲ ಅಳೆದು ಬಿಡುವ ಕೆಲಸ ಅಲ್ಲ ಇದು.

ಡೈಕ್ರೋಮೇಟ್ ತಟ್ಟೆ, ದ್ರಾವಣಗಳನ್ನು ದಯವಿಟ್ಟು ಸಿಂಕ್‌ಗೆ ಸುರಿಯಬೇಡಿ, ಅದೂ ಕೊನೆಗೆ ಯಾರದ್ದೋ ಹೊಲಕ್ಕೇ ಹೋಗುತ್ತದೆ. ಬ್ಯಾಕ್ಟೀರಿಯಾ ಸಾಯಿಸಿ, ದ್ರವವನ್ನೆಲ್ಲ ಹೆಸರು ಬರೆದ ಕ್ಯಾನ್‌ನಲ್ಲಿ ಕೂಡಿಟ್ಟು, ಕಾಲೇಜಿನ ಅಪಾಯಕಾರಿ ತ್ಯಾಜ್ಯದ ವ್ಯವಸ್ಥೆಗೆ ಒಪ್ಪಿಸಿ.

ಗಿಡಕ್ಕೆ ಸಹಾಯ ಮಾಡುತ್ತಾ?

ಇದಕ್ಕೆ ಪರೀಕ್ಷೆಗಳು ಸುಲಭ, ಬೇಗ ಹೇಳಿಬಿಡುತ್ತೇನೆ. ಪಿಕೋವ್‌ಸ್ಕಾಯಾ ಅಗಾರ್ ಮೇಲೆ ಸುತ್ತ ತಿಳಿ ಉಂಗುರ ಬಂದರೆ ರಂಜಕ ಕರಗಿಸುತ್ತದೆ. ನೀಲಿ ಸಿಎಎಸ್ ಅಗಾರ್ ಕಿತ್ತಳೆಗೆ ತಿರುಗಿದರೆ ಕಬ್ಬಿಣ ಹಿಡಿದು ತರುವ ಸೈಡರೋಫೋರ್ ಮಾಡುತ್ತದೆ. ಟ್ರಿಪ್ಟೋಫಾನ್ ಹಾಕಿ ಬೆಳೆಸಿದ ತಿಳಿಗೆ ಸಾಲ್ಕೋವ್‌ಸ್ಕಿ ರೀಏಜೆಂಟ್ ಹಾಕಿದಾಗ ಗುಲಾಬಿ ಬಣ್ಣ ಬಂದರೆ ಬೇರು ಬೆಳೆಸುವ ಐಎಎ ಎಂಬ ಹಾರ್ಮೋನ್ ಇದೆ. ಎಲ್ಲವನ್ನೂ ಕ್ರೋಮಿಯಂ ಇಲ್ಲದೆ ಒಮ್ಮೆ, ಇದ್ದಾಗ ಒಮ್ಮೆ ಮಾಡಿ, ಯಾಕೆಂದರೆ ಲೋಹ ಇದ್ದಾಗ ಈ ಗುಣ ಕೈಕೊಡುವ ಬ್ಯಾಕ್ಟೀರಿಯಾ ಬೇಕಾದಷ್ಟಿವೆ.

ಎಸಿಸಿ ಡಿಅಮಿನೇಸ್ ಅನ್ನುವ ಕಿಣ್ವದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಬಾಳೆಕಾಯಿ ಹಣ್ಣು ಮಾಡುವ ಎಥಿಲೀನ್ ಅನಿಲ ಗೊತ್ತಲ್ವಾ, ಗಿಡಕ್ಕೆ ಕಷ್ಟ ಬಂದಾಗ ಅದು ಅದೇ ಅನಿಲವನ್ನು ಜಾಸ್ತಿ ಮಾಡುತ್ತದೆ, ಆಗ ಬೇರು ಬೆಳೆಯುವುದು ನಿಲ್ಲುತ್ತದೆ. ಲೋಹದ ಮಣ್ಣಲ್ಲಿ ಸಸಿ ಗಿಡ್ಡಗಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಎಸಿಸಿ ಎಂಬುದು ಎಥಿಲೀನ್‌ಗೆ ಕಚ್ಚಾವಸ್ತು. ಈ ಕಿಣ್ವ ಇರುವ ಬ್ಯಾಕ್ಟೀರಿಯಾ ಅದನ್ನೇ ತಿಂದು ಸಾರಜನಕ ಮಾಡಿಕೊಳ್ಳುತ್ತದೆ, ಅನಿಲ ತಗ್ಗುತ್ತದೆ, ಬೇರು ಇಳಿಯುತ್ತದೆ. ಸಾರಜನಕಕ್ಕೆ ಬೇರೇನೂ ಕೊಡದೆ ಎಸಿಸಿ ಒಂದನ್ನೇ ಕೊಟ್ಟ ಮೀಡಿಯಾದಲ್ಲಿ ಬೆಳೆದರೆ ಆ ಗುಣ ಇದೆ ಅಂತ. ಲೋಹದ ಮಣ್ಣಿಗೆ ನನ್ನ ಮೊದಲ ಆಯ್ಕೆ ಯಾವಾಗಲೂ ಇಂಥದ್ದೇ, ಲೋಹವನ್ನು ಕೆದಕದೆ ಗಿಡಕ್ಕೆ ಉಸಿರು ಕೊಡುತ್ತದೆ.

ಕೆದಕುವ ಮಾತು ಬಂತಲ್ಲ, ಇಲ್ಲೇ ಎಡವುವವರು ಜಾಸ್ತಿ. ಸೈಡರೋಫೋರ್, ಸಾವಯವ ಆಮ್ಲ ಇವು ಗಿಡಕ್ಕೆ ಕಬ್ಬಿಣ, ರಂಜಕ ಸಿಗುವ ಹಾಗೆ ಮಾಡುತ್ತವೆ, ಅದರ ಜೊತೆಗೇ ಕ್ಯಾಡ್ಮಿಯಂ, ಸತು, ಸೀಸವನ್ನೂ ಕರಗಿಸಿ ಬೇರಿನ ಬಾಯಿಗೆ ತಂದುಕೊಡಬಹುದು. ಮಣ್ಣಿಂದ ಲೋಹ ಹೀರಿ ತೆಗೆಯಲು ಸಾಸಿವೆ ಹಾಕಿದ್ದರೆ ಅದು ವರ. ದಂಟಿನ ಸೊಪ್ಪು ಹಾಕಿದ್ದರೆ ಅದೇ ಶಾಪ. ಹಾಗಾಗಿ ಮೊದಲೇ ತೀರ್ಮಾನ ಮಾಡಿ: ಲೋಹವನ್ನು ಗಿಡದ ಮೂಲಕ ಹೊರಗೆ ತೆಗೆಯಬೇಕಾ, ಮಣ್ಣಲ್ಲೇ ಕಟ್ಟಿಹಾಕಬೇಕಾ? ಎರಡಕ್ಕೂ ಒಂದೇ ಬ್ಯಾಕ್ಟೀರಿಯಾ ಅನ್ನುವ ಮಾತನ್ನು ನಂಬಬೇಡಿ. ಕ್ರೋಮಿಯಂ ಸಾಮಾನ್ಯವಾಗಿ ಬೇರಲ್ಲೇ ಉಳಿಯುತ್ತದೆ, ಮೇಲಕ್ಕೆ ಹೋಗುವುದು ಕಮ್ಮಿ, ಹಾಗಾಗಿ ಅದನ್ನು ಗಿಡದಿಂದ ತೆಗೆಯುವ ಯೋಚನೆಗಿಂತ ಕಟ್ಟಿಹಾಕುವುದೇ ಸರಿ ಅಂತ ನನ್ನ ಅಭಿಪ್ರಾಯ.

ಹೊಲಕ್ಕೆ ಮೊದಲು ಹೆಸರು ಗೊತ್ತಾಗಲಿ

16ಎಸ್ ಎಂಬ ಜೀನ್ ಪರೀಕ್ಷೆ ಮಾಡಿಸಿ ಬ್ಯಾಕ್ಟೀರಿಯಾ ಯಾವುದು ಅಂತ ತಿಳಿಯದೆ ಕುಂಡದಿಂದ ಆಚೆಗೆ ತರಬೇಡಿ. ಲೋಹ ತಾಳುವ, ಗಿಡ ಬೆಳೆಸುವ ಬ್ಯಾಕ್ಟೀರಿಯಾ ಪಟ್ಟಿಯಲ್ಲಿ ಸ್ಯೂಡೋಮೋನಾಸ್ ಏರುಗಿನೋಸಾ, ಕ್ಲೆಬ್ಸಿಯೆಲ್ಲಾ, ಸ್ಟೆನೋಟ್ರೋಫೋಮೋನಾಸ್ ಪದೇ ಪದೇ ಬರುತ್ತವೆ. ಆಸ್ಪತ್ರೆಯಲ್ಲಿ ಕೃಶವಾದ ರೋಗಿಗಳಿಗೆ ಸೋಂಕು ತರುವವೂ ಇವೇ. ಇನ್ನೊಂದು, ಲೋಹ ತಾಳುವ ಜೀನ್ ಮತ್ತು ಆಂಟಿಬಯಾಟಿಕ್‌ಗೆ ಬಗ್ಗದ ಜೀನ್ ಎಷ್ಟೋ ಸಲ ಒಂದೇ ಪ್ಲಾಸ್ಮಿಡ್ ಮೇಲೆ, ಅಂದರೆ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ದಾಟಿಸಬಲ್ಲ ಡಿಎನ್‌ಎ ಉಂಗುರದ ಮೇಲೆ, ಕೂತಿರುತ್ತವೆ. ಚರಂಡಿ ನೀರಿನ ಮಣ್ಣಲ್ಲಂತೂ ಇದು ಸಾಮಾನ್ಯ. ಆಂಟಿಬಯಾಟಿಕ್ ಬಿಲ್ಲೆ ಪರೀಕ್ಷೆ, ರಕ್ತಕಣ ಒಡೆಯುತ್ತದೆಯೇ ಅಂತ ತೋರಿಸುವ ಬ್ಲಡ್ ಅಗಾರ್ ಪರೀಕ್ಷೆ ಎರಡೂ ಮಾಡಿ. ಅನುಮಾನ ಬಂದರೆ ಎಷ್ಟೇ ಒಳ್ಳೆ ಬ್ಯಾಕ್ಟೀರಿಯಾ ಆದರೂ ಕೈಬಿಡಿ. ನಾವು ಒಂದನ್ನು ಹೀಗೇ ಬಿಟ್ಟೆವು, ಬೇಜಾರಾಯಿತು, ಆದರೂ ಬಿಟ್ಟೆವು. ಹೊಲದಲ್ಲಿ ಬರಿಗೈಲಿ ಕಳೆ ಕೀಳುವವರು ಇರುತ್ತಾರೆ.

ಕುಂಡದಲ್ಲಿ 45 ದಿನ

ಅದೇ ಹೊಲದ ಮಣ್ಣು, ಕುಂಡಕ್ಕೆ ಎರಡು ಕೆಜಿ. ಬ್ಯಾಕ್ಟೀರಿಯಾ ಹಾಕಿದ್ದು, ಹಾಕದ್ದು, ಸತ್ತ ಬ್ಯಾಕ್ಟೀರಿಯಾ ಹಾಕಿದ್ದು, ಬರೀ ಗೊಬ್ಬರ ಹಾಕಿದ್ದು, ಗೊಬ್ಬರ ಮತ್ತು ಬ್ಯಾಕ್ಟೀರಿಯಾ ಎರಡೂ ಹಾಕಿದ್ದು, ಪ್ರತಿಯೊಂದಕ್ಕೂ ಐದೈದು ಕುಂಡ. ಬರೀ ಗೊಬ್ಬರದ ಕುಂಡವನ್ನು ಮರೆಯಲೇಬೇಡಿ. ಕೊಳೆತ ಕೊಟ್ಟಿಗೆ ಗೊಬ್ಬರ ತಾನೇ ಕ್ರೋಮಿಯಂ-6 ಅನ್ನು ಬದಲಾಯಿಸುತ್ತದೆ, ಲೋಹವನ್ನು ಹಿಡಿದೂ ಇಡುತ್ತದೆ. ಆ ಕುಂಡ ಇಲ್ಲದಿದ್ದರೆ ಗೊಬ್ಬರ ಮಾಡಿದ ಕೆಲಸಕ್ಕೆ ಬ್ಯಾಕ್ಟೀರಿಯಾಗೆ ಹೆಸರು ಬರುತ್ತದೆ.

ಬೀಜವನ್ನು ಬ್ಯಾಕ್ಟೀರಿಯಾ ದ್ರವದಲ್ಲಿ, ಮಿಲಿಗೆ ಸುಮಾರು 10 ಕೋಟಿ ಕೋಶ ಇರುವ ಹಾಗೆ, ಒಂದು ಗಂಟೆ ನೆನೆಸಿ ನೆರಳಲ್ಲಿ ಆರಿಸಿ ಬಿತ್ತಿ. ಕೊನೆಗೆ ಬೇರು, ಕಾಂಡ, ಎಲೆ ಬೇರೆ ಬೇರೆ ತೊಳೆದು, ಒಣಗಿಸಿ, ತೂಗಿ, ಲೋಹ ಅಳೆಸಿ. ಗಿಡ ದಪ್ಪ ಆಯಿತು ಅಂತ ಖುಷಿಪಡುವ ಮೊದಲು ಎರಡು ಲೆಕ್ಕ ಹಾಕಿ, ಕೆಜಿಗೆ ಎಷ್ಟು ಮಿಲಿಗ್ರಾಂ, ಇಡೀ ಗಿಡದಲ್ಲಿ ಒಟ್ಟು ಎಷ್ಟು. ಗಿಡ ದೊಡ್ಡದಾದಾಗ ಕೆಜಿ ಲೆಕ್ಕ ಇಳಿದು ಒಟ್ಟು ಲೆಕ್ಕ ಏರಿರಬಹುದು. ತಿನ್ನುವವರಿಗೆ ಬೇಕಾದದ್ದು ಕೆಜಿ ಲೆಕ್ಕ, ಮಣ್ಣು ಶುದ್ಧ ಮಾಡುವವರಿಗೆ ಬೇಕಾದದ್ದು ಒಟ್ಟು ಲೆಕ್ಕ. ಸೊಪ್ಪಿನಲ್ಲಿ ಕ್ಯಾಡ್ಮಿಯಂ ಕೆಜಿಗೆ 0.2, ಸೀಸ 0.3 ಮಿಲಿಗ್ರಾಂ ದಾಟಬಾರದು ಅನ್ನುವುದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ. ಅದು ಹಸಿ ಸೊಪ್ಪಿನ ಲೆಕ್ಕ, ನೀವು ಅಳೆಸಿದ್ದು ಒಣಗಿದ್ದು, ಹೋಲಿಸುವ ಮುಂಚೆ ಬದಲಾಯಿಸಿಕೊಳ್ಳಿ.

ಹೊಲಕ್ಕೆ ಇಳಿಸುವಾಗ

ಮೊದಲು ಒಂದು ಗುಂಟೆ ಸಾಕು, ಪಕ್ಕದಲ್ಲಿ ಏನೂ ಹಾಕದ ಒಂದು ಗುಂಟೆ ಹೋಲಿಕೆಗೆ. ಬ್ಯಾಕ್ಟೀರಿಯಾ ಯಾವ ಹೊಲದಿಂದ ಬಂತೋ ಅದೇ ಹೊಲಕ್ಕೆ ಹೋಗಲಿ. ಪುಡಿ ಮಾಡಿದ ಹಳೇ ಕೊಟ್ಟಿಗೆ ಗೊಬ್ಬರಕ್ಕೆ ದ್ರವ ಬೆರೆಸಿ, ಒದ್ದೆ ಗೋಣಿಚೀಲ ಮುಚ್ಚಿ ನೆರಳಲ್ಲಿ ಒಂದು ವಾರ ಇಡಿ, ಸಂಜೆ ಹೊತ್ತು ತೇವದ ಮಣ್ಣಿಗೆ ಹಾಕಿ ಮುಚ್ಚಿ. ಬೀಜಕ್ಕೆ ಅಂಟಿಸುವುದಾದರೆ ಆರಿದ ಬೆಲ್ಲದ ನೀರು ಸಾಕು, ರೈಜೋಬಿಯಂ ಬೀಜೋಪಚಾರ ಮಾಡಿದವರಿಗೆ ಇದು ಹೊಸದಲ್ಲ. ಅದೇ ದಿನ ಶಿಲೀಂಧ್ರನಾಶಕ ಬೇಡ. ಹೊರಗಿಂದ ಹಾಕಿದ ಬ್ಯಾಕ್ಟೀರಿಯಾ ಕೆಲವೇ ವಾರಗಳಲ್ಲಿ ಇಳಿದುಹೋಗುತ್ತದೆ, ಪ್ರತಿ ಬೆಳೆಗೂ ಮತ್ತೆ ಹಾಕಬೇಕಾಗಬಹುದು. ನೀವು ಬೆಳೆಸಿದ್ದನ್ನು ಪ್ಯಾಕೆಟ್ ಮಾಡಿ ಮಾರುವ ಹಾಗಿಲ್ಲ, ಜೈವಿಕ ಗೊಬ್ಬರ ರಸಗೊಬ್ಬರ ನಿಯಂತ್ರಣ ಆದೇಶ 1985ರ ಕೆಳಗೆ ಬರುತ್ತದೆ.

ಸುಣ್ಣ ಹಾಕಬೇಕಾ ಅಂತ ಕೇಳುತ್ತಾರೆ. ಕ್ಯಾಡ್ಮಿಯಂ, ಸೀಸ, ಸತುವಿಗೆ ಸುಣ್ಣ ಒಳ್ಳೆಯದು, ಕಟ್ಟಿಹಾಕುತ್ತದೆ. ಕ್ರೋಮಿಯಂ-6, ಆರ್ಸೆನಿಕ್‌ಗೆ ಉಲ್ಟಾ, ಮಣ್ಣು ಕ್ಷಾರವಾದಷ್ಟೂ ಅವು ಸಡಿಲವಾಗುತ್ತವೆ. ಯಾವ ಲೋಹ ಅಂತ ಗೊತ್ತಿಲ್ಲದೆ ಸುಮ್ನೆ ಸುಣ್ಣ ಎರಚಬೇಡಿ.

ಲ್ಯಾಬ್ ಇಲ್ಲದ ರೈತರಿಗೆ

ಅಂಗಡಿಯಲ್ಲಿ ಸಿಗುವ ಅಜೋಸ್ಪಿರಿಲಂ, ರಂಜಕ ಕರಗಿಸುವ ಪ್ಯಾಕೆಟ್ ಲೋಹ ತೆಗೆಯುವುದಕ್ಕೆ ಮಾಡಿದ್ದಲ್ಲ, ಹಾಗಂತ ಯಾರಾದರೂ ಮಾರಿದರೆ ಪರೀಕ್ಷೆಯ ಕಾಗದ ಕೇಳಿ. ಕೊಳಚೆ ನೀರು ಬರುತ್ತಲೇ ಇದ್ದರೆ ಯಾವ ಬ್ಯಾಕ್ಟೀರಿಯಾವೂ ಗೆಲ್ಲುವುದಿಲ್ಲ, ಮೊದಲು ನೀರು ಬದಲಾಗಬೇಕು. ಬೋರ್‌ವೆಲ್ ನೀರನ್ನೂ ಪರೀಕ್ಷೆ ಮಾಡಿಸಿ, ಕುಡಿಯುವ ನೀರಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು. ಕಾಲುವೆ ಪಕ್ಕದ ಹೊಲದಲ್ಲಿ ಸೊಪ್ಪು, ಮೂಲಂಗಿ, ಕ್ಯಾರೆಟ್ ಬಿಡಿ. ಹೂವು, ಬಿದಿರು ನೋಡಿ. ಹುಲ್ಲು ಬೆಳೆದರೆ ಲೋಹ ದನದ ಹೊಟ್ಟೆಗೆ ಹೋಗುತ್ತದೆ, ಅದನ್ನೂ ಯೋಚಿಸಿ. ಲೋಹ ಹೀರಿದ ಗಿಡವನ್ನು ತಿಪ್ಪೆಗೆ ಹಾಕಬೇಡಿ, ಸುಡಬೇಡಿ, ತಿಪ್ಪೆಗೆ ಹಾಕಿದರೆ ಅದೇ ಗೊಬ್ಬರವಾಗಿ ವಾಪಸ್ ಬರುತ್ತದೆ.

ದೊಡ್ಡಮ್ಮ ಈಗ ಕಾಲುವೆ ಕಡೆಯ ಅರ್ಧ ಎಕರೆಗೆ ಚೆಂಡು ಹೂವು ಹಾಕಿದ್ದಾರೆ. ಮನೆಯ ಸೊಪ್ಪು ಮೇಲಿನ ಹೊಲದಲ್ಲಿ, ಬೋರ್‌ವೆಲ್ ನೀರಿನಲ್ಲಿ. ನಮ್ಮ ಎರಡು ಗುಂಟೆ ಕೆಳಗಡೆ ಮೂಲೆಯಲ್ಲಿವೆ, ಒಂದಕ್ಕೆ ನೀಲಿ ಗೂಟ, ಒಂದಕ್ಕೆ ಬಿಳಿ. ಯಾವ ಗೂಟದ ಕಡೆ ಬ್ಯಾಕ್ಟೀರಿಯಾ ಹಾಕಿದ್ದೇವೆ ಅಂತ ಹೂ ಕೀಳುವವರಿಗೆ ಹೇಳಿಲ್ಲ, ಎರಡು ಕಡೆಯ ಹೂವನ್ನೂ ಬೇರೆ ಬೇರೆ ತೂಗಿ ಪುಸ್ತಕದಲ್ಲಿ ಬರೆಯುತ್ತಿದ್ದಾರೆ.